ಬೀಗರಿಬ್ಬರ ವ್ಯಾನು

ಕುಣಿಗಲ್ಲಿನ ಬೀಗರ ಮನೆ ಮುಂದೆ ವ್ಯಾನು ನಿಲ್ಲುವವರೆಗೂ ಸಂಧ್ಯಾ ಎಡಗಡೆಯ ಜಾರುಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದರು. ಗಾಡಿ ಹಂಪ್ ಹತ್ತಿದರೆ ಸಾಕು, ಆ ಬಾಗಿಲು ತಾನಾಗಿಯೇ ಹಿಂದಕ್ಕೆ ಸರಿದು ತೆರೆದುಕೊಳ್ಳುತ್ತಿತ್ತು. ತುಮಕೂರಿನ ಸರ್ವೀಸ್ ಸ್ಟೇಷನ್ನಿನವರು ಲಾಕು ಬದಲಿಸಿದರೂ ಸರಿಹೋಗಲಿಲ್ಲ. "ಈ ಕಂಪ್ಲೇಂಟು ನಿಮ್ಮದೊಂದೇ ಸಾರ್" ಎಂದು ಕೈ ತೊಳೆದುಕೊಂಡಿದ್ದರು.

"ಬಸುರಿ ಹುಡ್ಗೀನ ಇದ್ರಲ್ಲಿ ನಮ್ಮೂರು ಗುಬ್ಬಿ ತನಕ ಕರ್ಕಂಡ್ ಹೋಗಾದ್ ಬ್ಯಾಡ, ಕಾರು ಮಾಡಿ ಅಂದೆ. ಕೇಳ್ಲಿಲ್ಲ ನೀವು."

"ನೀನು ಹಿಡ್ಕಂಡಿರ್ತೀಯಲ್ಲ, ಬುಡು" ಎಂದರು ಗಂಡ ಶಿವಮೂರ್ತಿ.

ಅವರ ಕಷ್ಟ ಬೇರೆ. ಮಗಳು ಪೂಜಾಳ ಮದುವೆ ಮಾತುಕತೆಯಲ್ಲಿ ಅವರು ಈ ವ್ಯಾನನ್ನು ಎಷ್ಟು ಹೊಗಳಿದ್ದರೆಂದರೆ, ಬೀಗರಾದ ಅಂಜನಮೂರ್ತಿ ಹುಡುಕಿಸಿ ಅದೇ ಮಾಡೆಲ್ಲಿನ ಹಳೇ ಗಾಡಿ ಕೊಂಡಿದ್ದರು. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆದೊಯ್ಯಲು ಅವರೆದುರು ಬಾಡಿಗೆ ಕಾರಿನಲ್ಲಿ ಬಂದು ಇಳಿಯುವುದು ಹೇಗೆ?

ಊಟವಾದ ಮೇಲೆ ಬೀಗಿತ್ತಿ ಗಂಗಾಂಬಿಕೆ ಸೊಸೆಗೆ ಮಡಿಲು ತುಂಬಿ ಹೊಸಿಲು ದಾಟಿಸಿದರು. "ಬಾಗಿಲ ಪಕ್ಕ ಕೂತ್ಕೊಳವ್ವ, ಗಾಳಿ ಬರುತ್ತೆ."

"ಮಧ್ಯ ಕೂತ್ಕೊಳ್ಲಿ ಬುಡಿ, ಅಲ್ಲಿ ಗಾಳಿ ಜಾಸ್ತಿ" ಎಂದರು ಶಿವಮೂರ್ತಿ.

"ಹೂಂ, ಜಾಸ್ತೀನೇ" ಎಂದರು ಸಂಧ್ಯಾ.

ಪೂಜಾ ಅಷ್ಟರಲ್ಲಿ ಬಾಗಿಲ ಪಕ್ಕವೇ ಕೂತು ಸೀಟಿನ ಕೆಳಗೆ ತಡಕಾಡುತ್ತಿದ್ದಳು. "ಅಪ್ಪ, ಹಗ್ಗ ಎಲ್ಲಿ?"

"ಯಾವ ಹಗ್ಗ?"

"ಬಾಗಿಲು ಕಟ್ಟೋ ಹಗ್ಗ. ನಮ್ ಮಾವನ ಗಾಡೀಲಿ ಇಲ್ಲೇ ಇಟ್ಟಿರ್ತಾರೆ."

ಅಂಜನಮೂರ್ತಿ ತಲೆಯೆತ್ತಿ ತೆಂಗಿನಮರದಲ್ಲಿ ಕಾಯಿ ಎಷ್ಟಿವೆ ಎಂದು ನೋಡತೊಡಗಿದರು. ಕೊನೆಗೆ ಬಾಯಿ ಬಿಟ್ಟರು. "ನೀವು ಮೆಚ್ಚಿದ್ ಗಾಡಿ ಬೀಗ್ರೇ. ಬಾಗಿಲು ಬಿಚ್ಕತದೆ ಅಂದ್ರೆ ಬೇಜಾರ್ ಮಾಡ್ಕಂತೀರಿ ಅಂತ ಸುಮ್ನಿದ್ದೆ. ತುಮಕೂರಿನ ಸರ್ವೀಸ್‌ನೋರು ಬೇರೆ, ಇದು ನಿಮ್ಮದೊಂದೇ ಅಂದ್ರು."

ಮಾನ ಉಳಿಸಿಕೊಳ್ಳಲು ಇನ್ನೂ ದಾರಿಯಿತ್ತು. ಬೀಗರ ಹಗ್ಗ ಕೇಳಿ, ನಕ್ಕು, ಕಟ್ಟಿಕೊಂಡು ಹೊರಟುಬಿಡಬಹುದಿತ್ತು. ಶಿವಮೂರ್ತಿ ಮಗಳ ಕಡೆ ನೋಡಿದರು. ಅವಳ ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಆ ಬಾಗಿಲ ಮೇಲೆ.

"ನಂದೂ ಬಿಚ್ಕತದೆ ಬೀಗ್ರೇ. ನಂಗೂ ಅಲ್ಲಿ ಹಂಗೇ ಅಂದ್ರು. ಇಳಿಯವ್ವ ಪೂಜಾ, ಕಾರು ಕರೆಸ್ತೀನಿ."

ಮಡಿಲು ತುಂಬಿಸಿಕೊಂಡು ಹೊರಟವಳು ಮತ್ತೆ ಒಳಗೆ ಕಾಲಿಡಬಾರದೆಂದು ಗಂಗಾಂಬಿಕೆ ರಸ್ತೆಗೇ ಕುರ್ಚಿ ತಂದು ಸೊಸೆಯನ್ನು ಹೊಂಗೆ ಮರದಡಿ ಕೂರಿಸಿದರು. ಹೋಗಿ ಬರುವವರೆಲ್ಲ ಏನಾಯಿತೆಂದು ನಿಂತು ಕೇಳಿದರು. ಸಂಧ್ಯಾ ಎಲ್ಲರಿಗೂ ವಿವರವಾಗಿಯೇ ಹೇಳಿದರು.

"ನಿಮ್ ಗಾಡಿ ಇಲ್ಲೇ ಇರ್ಲಿ, ಸೋಮವಾರ ಎರಡೂ ಗಾಡೀನ ಒಟ್ಟಿಗೆ ತಗಂಡೋಗಾನ" ಎಂದರು ಅಂಜನಮೂರ್ತಿ. "ಸರ್ವೀಸ್ ಸ್ಟೇಷನ್ ಗೇಟಿಗೇ ಅಡ್ಡ ನಿಲ್ಸಾನ. ಯಾರದೊಂದೇ ಅಂತಾರೋ ನೋಡ್ಮ."

ಕಾರು ಬಂತು. ತಾಯಿ ಮಗಳು ಹಿಂದೆ ಕೂತರು. ಶಿವಮೂರ್ತಿ ಬಾಗಿಲು ಹಾಕಿ, ಹಿಡಿ ಜಗ್ಗಿ ನೋಡಿದರು. ಆಚೆ ಬದಿಗೆ ಹೋಗಿ ಅಲ್ಲಿಯೂ ಜಗ್ಗಿದರು.

"ಹೊಸಾ ಗಾಡಿ ಸಾರ್" ಎಂದ ಡ್ರೈವರ್.

"ಗೊತ್ತಪ್ಪ" ಎಂದು ಶಿವಮೂರ್ತಿ ಮತ್ತೊಮ್ಮೆ ಜಗ್ಗಿದರು.