ವಾರದ ಕೀ

ಗಡಿಯಾರ ರಿಪೇರಿಯವಳು ಮನಸ್ಸು ಗಗನಕ್ಕೇರಿದ ವಾರ ಅಂಗಡಿಯ ಇಪ್ಪತ್ತೆರಡು ಗಡಿಯಾರಗಳನ್ನೂ ಒಟ್ಟಿಗೇ ಬಿಚ್ಚಿ ಹರಡಿದ್ದಳು. ಅದೇ ಮನಸ್ಸು ಪಾತಾಳಕ್ಕಿಳಿದ ಮೇಲೆ ಎರಡು ತಿಂಗಳು ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ. ಕೊನೆಗೆ ತಾನೇ ಎದ್ದು ಡಾಕ್ಟರ ಬಳಿಗೆ ಹೋದಳು. ಈಗ ವರ್ಷವಾಯಿತು; ಮಾತ್ರೆಯಿಂದ ಬೆರಳು ಚೂರು ನಡುಗುತ್ತದೆ, ಕೆಲಸ ಮಾತ್ರ ನೆಟ್ಟಗಿದೆ.

ಅಂಗಡಿಯಲ್ಲಿ ಜೊತೆಗಿರುವ ಅಣ್ಣನಿಗೆ ಮೇಜಿನ ಮೇಲಿನ ಆ ಮಾತ್ರೆಯೇ ಕಣ್ಣು ಚುಚ್ಚುತ್ತಿತ್ತು.

"ನಾಲ್ಕು ಜನ ನೋಡಿದ್ರೆ ಏನಂದ್ಕೋತಾರೆ? ಈಗ ಚೆನ್ನಾಗೇ ಇದ್ದೀಯಲ್ಲ, ಬಿಟ್ಟುಬಿಡೇ," ಎಂದ, ಗಿರಾಕಿಗಳಿಗೆ ಕೇಳದ ಹಾಗೆ ಮೆಲ್ಲಗೆ, ಗೋಡೆ ಗಡಿಯಾರಕ್ಕೆ ವಾರದ ಕೀ ಕೊಡುತ್ತಾ.

"ಅದೂ ಚೆನ್ನಾಗೇ ಓಡ್ತಿದೆಯಲ್ಲಣ್ಣ, ಮತ್ತೆ ಕೀ ಯಾಕೆ ಕೊಡ್ತಿದ್ದೀಯ?"

ಸಾಲಾಗಿ ನಿಂತಿದ್ದ ಗಿರಾಕಿಗಳ ಎದುರಿಗೇ ಅವಳು ಮಾತ್ರೆ ನುಂಗಿ, ನೀರು ಕುಡಿದು, ಗಟ್ಟಿಯಾಗಿ ಕೇಳಿದಳು: "ಹೂಂ, ಮುಂದೆ ಯಾರು?"