ಹೊಳೆಗೆ ಕೊಟ್ಟ ಮಾತು

ಬಿರುಗಾಳಿ ಆಗಿನ್ನೂ ಒಂದು ಧ್ವನಿ ಮಾತ್ರವಾಗಿತ್ತು. ತೆಂಗಿನ ಮರಕ್ಕೆ ಬಿಗಿದ ತಂತಿಯಿಂದ ಇಳಿದು ಬಂದು, ಚಂದ್ರಶೇಖರಪ್ಪನ ಪಡಸಾಲೆಯ ರೇಡಿಯೊದಲ್ಲಿ ಕರಕರ ಎನ್ನುತ್ತಿತ್ತು. ಕಾರವಾರದ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿದಿದೆ. ಅದು ಈಶಾನ್ಯಕ್ಕೆ ಚಲಿಸುತ್ತಿದೆ. ಮೀನುಗಾರರು ಕಡಲಿಗೆ ಇಳಿಯಬಾರದು.

ವರದಾ ಹೊಳೆಯ ನಡುಗಡ್ಡೆಯಲ್ಲಿ ಮೀನುಗಾರರಿರಲಿಲ್ಲ. ಅಲ್ಲಿದ್ದುದು ಮೂರೇ ಮನೆ: ಚಂದ್ರಶೇಖರಪ್ಪನದು, ಅವನ ನೆರೆಯ ರೈತ ದ್ಯಾಮಪ್ಪನದು, ದೋಣಿ ನಡೆಸುವ ಕೆರಿಯನ ಗುಡಿಸಲು. ಒಂದು ಕೂಗಿನಷ್ಟು ದೂರದಲ್ಲಿ ಆಚೆಯ ದಡ. ಅಲ್ಲಿಂದ ಬನವಾಸಿಗೆ ಗಾಡಿದಾರಿ. ಅರವತ್ತರ ದಶಕ ಆಗತಾನೇ ಕಾಲಿಟ್ಟಿತ್ತು. ಕಾರ್ತಿಕದ ಬಿಸಿಲಿನಲ್ಲಿ ಹೊಳೆ ತನ್ನ ಕಲ್ಲುಗಳನ್ನೆಲ್ಲ ತೋರಿಸಿಕೊಂಡು, ಯಾವುದನ್ನೂ ಮುಚ್ಚಿಡದವಳಂತೆ ಹರಿಯುತ್ತಿತ್ತು.

ಮಗಳು ಶಾಲೆಗೆ ಹೋಗುತ್ತಿದ್ದಾಗ ಕೊಂಡ ಭಾರತದ ನಕಾಶೆಯೊಂದು ಗೋಡೆಯ ಮೇಲಿತ್ತು. ವಾರ್ತೆ ಮುಗಿದೊಡನೆ ಚಂದ್ರಶೇಖರಪ್ಪ ವಿಭೂತಿಯ ಗಟ್ಟಿಗೆ ಬೆರಳು ತಿಕ್ಕಿ, ಸಮುದ್ರದ ನೀಲಿಯ ಮೇಲೆ ಬಿಳಿಯ ಬೊಟ್ಟೊಂದನ್ನು ಇಡುತ್ತಿದ್ದ. ನಿನ್ನೆಯ ಬೊಟ್ಟಿಗಿಂತ ಇಂದಿನದು ದಡಕ್ಕೆ ಹತ್ತಿರ ಬಂದಿತ್ತು.

"ಏನಪಾ ಚಂದ್ರಶೇಖರಪ್ಪ, ಬಿರುಗಾಳಿಗೆ ದೀಕ್ಷಾ ಕೊಟ್ಟಿ ಏನ?" ಎಂದು ದ್ಯಾಮಪ್ಪ ಹೊಸ್ತಿಲ ಮೇಲೆ ಕುಳಿತು ನಕ್ಕ. "ವಿಭೂತಿ ಹಚ್ಚಿ ಕರದರ ಬರದ ಇರತೈತೇನು?"

"ನಗಬ್ಯಾಡೋ. ನಿನ್ನ ಮನೀ ಹೊದಿಕಿ ಹಾರಿ ಹಾನಗಲ್ಲಿಗೆ ಹೋದಾಗ ನಕ್ಕೀ ಅಂತ."

ಚಂದ್ರಶೇಖರಪ್ಪನಿಗೆ ಹೊದಿಕೆಯ ಚಿಂತೆ ಇರಲಿಲ್ಲ. ಅವನ ಕಣ್ಣು ಮತ್ತೆ ಮತ್ತೆ ಒಳಕೋಣೆಯ ಬಾಗಿಲಿಗೆ ಹೋಗುತ್ತಿತ್ತು. ಅಲ್ಲಿ ಅವನ ಮಗಳು ನೀಲಗಂಗವ್ವ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು, ಕುಳಿತಲ್ಲಿ ಕುಳಿತಿರಲಾರದೆ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ದಿನ ತುಂಬಿತ್ತು. ಬನವಾಸಿಯಲ್ಲಿ ಅವಳ ಸೋದರತ್ತೆಯ ಮನೆಯಿತ್ತು, ಪಕ್ಕದಲ್ಲೇ ಸೂಲಗಿತ್ತಿಯಿದ್ದಳು. ಗಾಳಿ ಬರುವ ಮೊದಲೇ ಮಗಳನ್ನು ದಾಟಿಸಿಬಿಡಬೇಕು ಎಂದು ಅವನ ಒಳಗು ಚಡಪಡಿಸುತ್ತಿತ್ತು.

"ದಾಟಸೂದಿಲ್ಲ," ಎಂದಳು ಅವನ ತಾಯಿ ಗುರುಶಾಂತವ್ವ. ಒಲೆಯ ಮುಂದಿನಿಂದ ಏಳದೆ ಎಂದಳು.

ಬಸುರಿಗೆ ಮಾಡುವ ಕುಬುಸದ ಶಾಸ್ತ್ರ ಮುಗಿಸಿ ಮೊಮ್ಮಗಳನ್ನು ಕರೆತಂದ ದಿನ ಆಕೆ ದೋಣಿಯನ್ನು ನಡುಹೊಳೆಯಲ್ಲಿ ನಿಲ್ಲಿಸಿ, ಅಕ್ಕಿ, ಕಾಯಿ, ಕುಬುಸದ ಕಣ ನೀರಿಗೆ ಬಿಟ್ಟು ಹೊಳೆಯ ಉಡಿ ತುಂಬಿದ್ದಳು. ಆಗ ಅದಕ್ಕೆ ಒಂದು ಮಾತನ್ನೂ ಕೊಟ್ಟಿದ್ದಳು: ಈಗ ಹೊಟ್ಟೆಯಲ್ಲಿ ಹೊತ್ತು ಬಂದಿದ್ದಾಳೆ ತಾಯೀ, ಇನ್ನೊಮ್ಮೆ ನಿನ್ನ ಮೇಲೆ ಬರುವಾಗ ಕೂಸು ಕೈಯಲ್ಲಿರುತ್ತದೆ.

"ಅವ್ವಾ, ಹೊಳಿಗೇನ ಕಿವಿ ಐತೇನ?"

"ನಿನ್ನ ಪೆಟ್ಟಿಗಿಗೆ ಬಾಯಿ ಐತಿ ಅಂದ್ರ ಹೊಳಿಗೆ ಕಿವಿ ಇರಬಾರದೇನು? ನಿನ್ನ ಹೇಣತಿ ತುಂಬಿದ ಹೊಟ್ಟೀಲೆ ದಾಟಿದ್ಲು. ತಿರುಗಿ ಬಂದ್ಲೇನು?"

ಅದೇ ಸಾವನ್ನು ಚಂದ್ರಶೇಖರಪ್ಪ ಇನ್ನೊಂದು ಬಗೆಯಲ್ಲಿ ಓದಿಕೊಂಡಿದ್ದ. ನೀಲಗಂಗವ್ವನ ತಾಯಿ ಎರಡನೆಯ ಹೆರಿಗೆಯಲ್ಲಿ ಹೋದದ್ದು ದಾಟಿದ್ದರಿಂದಲ್ಲ, ತಡವಾಗಿ ದಾಟಿದ್ದರಿಂದ. ಇಷ್ಟು ವರ್ಷ ತಾಯಿಯೂ ಮಗನೂ ಒಂದೇ ದುಃಖವನ್ನು ಎರಡು ತುದಿಗಳಿಂದ ಹಿಡಿದುಕೊಂಡು ಬಂದಿದ್ದರು. ಎಳೆದರೆ ಹರಿಯುತ್ತದೆ ಎಂಬ ಭಯದಿಂದ ಯಾರೂ ಎಳೆದಿರಲಿಲ್ಲ. ಅವನು ಈಗಲೂ ಎಳೆಯಲಿಲ್ಲ. ಮಗಳನ್ನು ದಾಟಿಸಲಾಗದಿದ್ದರೆ ನಡುಗಡ್ಡೆಯನ್ನೇ ಗಾಳಿಗೆ ಸಿಗದಂತೆ ಬಿಗಿಯಬೇಕು ಎಂದು ಹೊರಗೆ ಬಂದ.

ಗಾಳಿಗೆ ಹೆದರಿದವರು ತಗ್ಗನ್ನು ಹುಡುಕುತ್ತಾರೆ. ಕೊಯ್ಲಾದ ಭತ್ತದ ಎತ್ತರದ ಬಣವೆಯನ್ನು ಅವನೂ ದ್ಯಾಮಪ್ಪನೂ ಕೂಡಿ ಕೆಡವಿದರು; ಸಿವುಡಿನ ಕಟ್ಟುಗಳನ್ನು ಕೆಳಗದ್ದೆಯ ಒಡ್ಡಿನ ಮರೆಯಲ್ಲಿ ಹಾಸಿ ಮೇಲೆ ಕಲ್ಲು ಹೇರಿದರು. ಎತ್ತು ಎಮ್ಮೆಗಳನ್ನು ಬಿದಿರುಮೆಳೆಯ ಹಿಂದಿನ ಕುಳಿಗೆ ಇಳಿಸಿ ಕಟ್ಟಿದರು. ಹಂಚಿನ ಮೇಲೆ ಹಗ್ಗ ಹಾಯಿಸಿದರು. ಕೊನೆಗೆ ದೋಣಿಯ ಸರದಿ ಬಂತು.

"ಮ್ಯಾಲೆ ಎಳದು ಮಗಚಿ ಹಾಕು ಕೆರಿಯಾ. ಗಾಳಿ ಎತ್ತಿಕೊಂಡು ಹೋಗದಂಗ ಕಲ್ಲು ಹೇರು."

"ಹೇರ್ತೆ ಒಡ್ಯಾ," ಎಂದ ಕೆರಿಯ ಬೆನ್ನು ಹಿಡಿದುಕೊಂಡು. "ನಾಳೆ ಇಳಿಸೂಕೂ ನನ್ನೇ ಕರೀತ್ರಿ. ಗಾಳಿಗೆ ಕೂಲಿ ಕೇಳೂಕೆ ಆಗೂದಿಲ್ಲಲ."

ಸಂಜೆಯ ವಾರ್ತೆಗೆ ಮೂರು ಮನೆಯವರೂ ಪಡಸಾಲೆಯಲ್ಲಿ ಸೇರಿದರು. ಚಂಡಮಾರುತ ಕರಾವಳಿಯನ್ನು ದಾಟಿ ದುರ್ಬಲವಾಗಿದೆ ಎಂದಿತು ರೇಡಿಯೊ. ಘಟ್ಟದ ಮೇಲೆ ವ್ಯಾಪಕ ಮಳೆ ಎಂದೂ ಏನನ್ನೋ ಸೇರಿಸಿತು. ಅಷ್ಟರಲ್ಲಿ ದ್ಯಾಮಪ್ಪ ಚಪ್ಪಾಳೆ ತಟ್ಟಿ ನಕ್ಕಿದ್ದರಿಂದ ಆ ಮಾತು ಯಾರ ಕಿವಿಯಲ್ಲೂ ನಿಲ್ಲಲಿಲ್ಲ. ಆ ಇರುಳು ಗಾಳಿ ಬಂದದ್ದು ನಿಜ. ಬಂದು ತೆಂಗಿನ ತಲೆಗಳನ್ನು ಅಲುಗಿಸಿ, ಹಗ್ಗಗಳನ್ನು ಒಮ್ಮೆ ಮೀಟಿ, ತಾನು ಹುಡುಕುತ್ತಿದ್ದ ಮನೆ ಇದಲ್ಲವೆಂಬಂತೆ ಹೊರಟುಹೋಯಿತು.

ಬೆಳಿಗ್ಗೆ ಬಿಸಿಲು. ತೊಳೆದಿಟ್ಟ ಬಟ್ಟಲಿನಂಥ ಆಕಾಶ. "ಹಾನಗಲ್ಲಿಗೆ ಹೋದ ನನ್ನ ಹೊದಿಕಿ ತಿರುಗಿ ಬಂತು ನೋಡಪಾ," ಎಂದು ದ್ಯಾಮಪ್ಪ ಬೇಲಿಯಾಚೆಯಿಂದ ಕೂಗಿದ. ಚಂದ್ರಶೇಖರಪ್ಪ ನಾಚಿಕೊಂಡೇ ನಕಾಶೆಯ ಬೊಟ್ಟುಗಳನ್ನು ಒರೆಸಿದ. ಅವು ಪೂರ್ತಿ ಹೋಗಲಿಲ್ಲ. ಸಮುದ್ರದ ಮೇಲೆ ಬೂದಿಯ ಮಂಕು ಉಳಿಯಿತು.

ನೆಮ್ಮದಿಯಾಗದವಳು ನೀಲಗಂಗವ್ವ ಒಬ್ಬಳೇ. ಗಾಳಿ ನಿಂತರೂ ಅವಳ ಕಾಲು ನಿಲ್ಲಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ಅಂಗಳ ದಾಟಿ, ಮೆಲ್ಲನೆ ಹೊಳೆಯ ದಡಕ್ಕೆ ಹೋದಳು. ತುಸು ಹೊತ್ತಿಗೆ ಅವಳ ಧ್ವನಿ ಬಂತು.

"ಅಪ್ಪಾ! ಒಗಿಯೂ ಕಲ್ಲು ಎಲ್ಲಿ?"

"ಅಲ್ಲೇ ಐತಲ್ಲ."

"ಇಲ್ಲ. ನೀರು ಐತಿ."

ಚಂದ್ರಶೇಖರಪ್ಪ ಓಡಿದ. ನಿನ್ನೆಯ ತಿಳಿನೀರು ಇಂದು ಕೆಮ್ಮಣ್ಣಿನ ಗಂಜಿಯಾಗಿತ್ತು. ಬೇರುಸಹಿತ ಒಂದು ಬಾಳೆಯ ಗಿಡ ತಲೆಯಾಡಿಸುತ್ತ ಹೋಯಿತು. ಅದರ ಹಿಂದೆ ನೊರೆ. ಮೇಲೆ ಒಂದೂ ಮೋಡವಿಲ್ಲದ ಆ ಏರಿಕೆಯನ್ನು ನೋಡಲು ಭಯವಾಗುತ್ತಿತ್ತು. ಸಿಟ್ಟಿಗೆ ಕಾರಣವೇ ಕಾಣದ ಮುಖದಂತಿತ್ತು ಅದು.

"ಬಿರುಗಾಳಿ ಎಲ್ಲಿ ಐತಿ ಅಂತ ದಿನಾ ಬೊಟ್ಟು ಇಟ್ಟಿ," ಎಂದಳು ಮಗಳು, ಅಳುವಿಗೂ ರೇಗುವಿಕೆಗೂ ನಡುವೆ. "ಮಳಿ ಎಲ್ಲಿ ಬಿತ್ತು ಅಂತ ನೋಡಲಿಲ್ಲಲ್ಲ ಅಪ್ಪಾ."

ಮಳೆ ಬಿದ್ದದ್ದು ತೆಂಕಣಕ್ಕೆ, ಸಾಗರ ಪೇಟೆಯ ಕಡೆಯ ಗುಡ್ಡಗಳ ಮೇಲೆ, ಹೊಳೆ ಹುಟ್ಟುವಲ್ಲಿ. ಅವರೆಲ್ಲ ಪಡುವಣದ ಬಾನನ್ನು ಕಾಯುತ್ತಿದ್ದಾಗ ಚಂಡಮಾರುತ ತನ್ನ ಗಾಳಿಯನ್ನು ಕಳಚಿಟ್ಟು, ನೀರಾಗಿ, ಹಿಂಬಾಗಿಲಿನಿಂದ ಬಂದಿತ್ತು. ಅವರಾದರೋ ತಮ್ಮಲ್ಲಿದ್ದುದನ್ನೆಲ್ಲ ತಗ್ಗಿಗೆ ಇಳಿಸಿಟ್ಟು ಅದರ ದಾರಿಯನ್ನು ಸುಗಮ ಮಾಡಿದ್ದರು.

ಕೆಳಗದ್ದೆಯ ಸಿವುಡುಗಳು ಆಗಲೇ ತೇಲತೊಡಗಿದ್ದವು. ದ್ಯಾಮಪ್ಪ ಕುಳಿಗೆ ಹಾರಿ ಕುಡುಗೋಲಿನಿಂದ ದನಗಳ ಕಣ್ಣಿ ಕೊಯ್ದ. ಅವು ಅರಚುತ್ತ ಮನೆಯ ದಿಬ್ಬಕ್ಕೆ ಏರಿದವು. ಚಂದ್ರಶೇಖರಪ್ಪನೂ ಕೆರಿಯನೂ ದೋಣಿಯ ಮೇಲಿನ ಕಲ್ಲುಗಳನ್ನು ಎತ್ತಿ ಎತ್ತಿ ಒಗೆದರು. ನಿನ್ನೆ ಹೇರುವಾಗ ಒಂದೊಂದು ಕಲ್ಲೂ ಧೈರ್ಯದಂತೆ ಕಂಡಿತ್ತು. ಇಂದು ಉಗುರು ಕಿತ್ತು ರಕ್ತ ಬಂದರೂ ಅವು ಮುಗಿಯಲೊಲ್ಲವು.

"ನಗೂಕೂ ಉಸ್ರಿಲ್ಲ ಒಡ್ಯಾ," ಎಂದ ಕೆರಿಯ, ಕೊನೆಯ ಕಲ್ಲನ್ನು ಉರುಳಿಸಿ. ದೋಣಿ ಹೊರಳಿತು. ನೀರು ಅದನ್ನು ಹುಡುಕಿಕೊಂಡು ಅಂಗಳದ ಅಂಚಿಗೇ ಬಂದಿತ್ತು.

"ಎರಡು ಸಲ ಹೋಗ್ಬೇಕು. ಮೊದ್ಲು ಯಾರು?" ಎಂದು ಕೆರಿಯನೇ ಕೇಳಿದ.

ಎಲ್ಲರೂ ಗುರುಶಾಂತವ್ವನನ್ನು ನೋಡಿದರು. ಆಕೆ ಮೊಮ್ಮಗಳ ತೋಳು ಹಿಡಿದು ದಡದಲ್ಲಿ ನಿಂತಿದ್ದಳು. ಮಗ ಬೇಡಲಿಲ್ಲ, ಗದರಲಿಲ್ಲ. "ಅವ್ವಾ," ಎಂದಷ್ಟೇ ಅಂದ. ಅಷ್ಟು ವರ್ಷ ಇಬ್ಬರೂ ಹಿಡಿದಿದ್ದ ಆ ದುಃಖದ ತುದಿ ಒಮ್ಮೆ ಬಿಗಿಯಾದುದನ್ನು ಆಕೆ ಬಲ್ಲಳು.

ಮುದುಕಿ ಹೊಳೆಯನ್ನು ನೋಡಿದಳು, ಮೊಮ್ಮಗಳ ಹೊಟ್ಟೆಯನ್ನು ನೋಡಿದಳು. ಮಾತು ಕೊಟ್ಟವಳು ಮಾತಿನೊಳಗೇ ದಾರಿ ಹುಡುಕಬೇಕಿತ್ತು. ಆಗ ಅವಳ ಕಣ್ಣು ನೀಲಗಂಗವ್ವನ ಕೊರಳಿಗೆ ಬಂದು ನಿಂತಿತು. ಅಲ್ಲಿ ಎರಡು ಇಷ್ಟಲಿಂಗಗಳಿದ್ದವು. ಒಂದು ಅವಳದು, ಬೆಳ್ಳಿಯ ಕರಡಿಗೆಯಲ್ಲಿ. ಇನ್ನೊಂದು ಬಿಳಿಯ ವಸ್ತ್ರದಲ್ಲಿ ಕಟ್ಟಿದ್ದು: ಎಂಟನೆಯ ತಿಂಗಳಲ್ಲಿ ಮಠದ ಅಯ್ಯನವರು ಬಂದು, ಹೊಟ್ಟೆಯೊಳಗಿನ ಕೂಸಿಗೆಂದು ದೀಕ್ಷೆ ಮಾಡಿ ಕೊಟ್ಟದ್ದು. ಹುಟ್ಟುವ ಮೊದಲೇ ಕೂಸಿಗೆ ತನ್ನದೆಂಬ ಲಿಂಗವಿತ್ತು.

ಗುರುಶಾಂತವ್ವನ ಬೆರಳು ಆ ವಸ್ತ್ರದ ಗಂಟು ಬಿಚ್ಚಿತು. ಪೂಜೆಗೆ ಇಡುವಂತೆ ಕೂಸಿನ ಲಿಂಗವನ್ನು ಮೊಮ್ಮಗಳ ಎಡಗೈಯ ಅಂಗೈಯಲ್ಲಿ ಇಟ್ಟಳು. ಆಮೇಲೆ ನೀರಿನ ಕಡೆಗೆ ತಿರುಗಿ, ನೆರೆಮನೆಯವಳೊಂದಿಗೆ ಲೆಕ್ಕ ತೀರಿಸುವ ಗಟ್ಟಿದನಿಯಲ್ಲಿ ಹೇಳಿದಳು:

"ನೋಡಿಕೋ ನಮ್ಮವ್ವಾ. ಕೂಸು ಕೈಯಾಗ ಐತಿ. ನನ್ನ ಮಾತು ನಾ ನಡೆಸೀನಿ, ನಿನ್ನ ಮರ್ಯಾದಿ ನೀ ಉಳಿಸಿಕೋ."

"ಅಜ್ಜೀ, ನೀನೂ ಬಾ."

"ನಾ ಮಾತಿಗೆ ಜಾಮೀನು. ನೀ ಮುಟ್ಟೂತನಕ ಇಲ್ಲೇ ಕುಂತು ಅಕೀ ಕೂಡ ಮಾತಾಡ್ತೀನಿ. ಹತ್ತು, ಹತ್ತು."

ತಂದೆ ಮಗಳನ್ನು ತೋಳಿನಲ್ಲಿ ಬಳಸಿ ಕುಳಿತ. ದ್ಯಾಮಪ್ಪನ ಹೆಂಡತಿ ಎದುರಿಗೆ. ನಡುಹೊಳೆಯಲ್ಲಿ ಸೆಳೆತ ದೋಣಿಯನ್ನು ಅಡ್ಡ ತಿರುಗಿಸಿತು. ಕೆರಿಯ ಹುಟ್ಟು ಬಿಟ್ಟು ಬಿದಿರಿನ ಉದ್ದ ಜಲ್ಲೆ ಊರಿದ. ಜಲ್ಲೆಗೆ ನೆಲ ಸಿಗಲಿಲ್ಲ. ಒಂದು ಮರದ ಬೊಡ್ಡೆ ಪಕ್ಕೆಗೆ ಬಡಿದು ಉಜ್ಜಿಕೊಂಡು ಹೋಯಿತು. ನೀಲಗಂಗವ್ವ ಕಣ್ಣು ಮುಚ್ಚಲಿಲ್ಲ. ಲಿಂಗ ಹಿಡಿದ ಅವಳ ಕೈ ಮಾತ್ರ ತಾನಾಗಿ ಮುಷ್ಟಿಯಾಯಿತು. ಹೊಟ್ಟೆಯೊಳಗೆ ಒಂದು ಸಣ್ಣ ಹಿಮ್ಮಡಿ ಒದೆಯಿತು, ಇನ್ನೊಮ್ಮೆ ಒದೆಯಿತು. ಆಮೇಲೆ ಜಲ್ಲೆಗೆ ಮಣ್ಣು ತಾಗಿದ ಸಪ್ಪಳ.

ದಡದ ಮೇಲೆ ಜನ ಸೇರಿದ್ದರು. ಯಾರೋ ಗಾಡಿ ತಂದಿದ್ದರು. ನೀಲಗಂಗವ್ವ ಹತ್ತಲಿಲ್ಲ. ಖಾಲಿ ದೋಣಿ ಕೆರಿಯನನ್ನು ಹೊತ್ತು ಮರಳಿತು, ನಡುಗಡ್ಡೆಯ ಬೂರಗದ ಮರದ ಮರೆಗೆ ಹೋಯಿತು, ಕಾಣದಾಯಿತು. ಚಂದ್ರಶೇಖರಪ್ಪ ದಡದುದ್ದಕ್ಕೂ ಹಿಂದೆ ಮುಂದೆ ನಡೆದ. ನೀರು ನಡುಗಡ್ಡೆಯ ಬೇಲಿಗಳನ್ನು ಒಂದೊಂದಾಗಿ ಅಳಿಸುತ್ತಿತ್ತು. ತೆಂಗಿಗೆ ಬಿಗಿದ ತಂತಿ ಬಿಸಿಲಿನಲ್ಲಿ ಹೊಳೆಯುತ್ತಿತ್ತು, ಇನ್ನೂ ಯಾವುದೋ ಸುದ್ದಿಗೆ ಕಾದಂತೆ.

ದೋಣಿ ಕಾಣುವ ಮೊದಲು ಧ್ವನಿ ಕೇಳಿಸಿತು.

"ನೆಟ್ಟಗ ನಡಸೋ ಕೆರಿಯಾ! ನನ್ನೇನು ಕಟಿಗಿ ಹೊರಿ ಮಾಡೀಯೇನು?"

"ಕಟ್ಗಿ ಬಾಯಿ ಮಾಡೂದಿಲ್ಲ ಅಮ್ಮಾ!"

ದ್ಯಾಮಪ್ಪನ ಭುಜ ಹಿಡಿದು ಗುರುಶಾಂತವ್ವ ಇಳಿದಳು. ಸೀರೆ ಮೊಳಕಾಲಿನವರೆಗೆ ತೊಯ್ದಿತ್ತು. ಮಗ ಚಾಚಿದ ಕೈಯನ್ನು ಹಿಡಿದಳು, ಹಿಡಿದೇ ನಿಂತಳು. ಅನಂತರ ಮೊಮ್ಮಗಳ ಹತ್ತಿರ ಬಂದು, ಬೆರಳುಗಳು ಬಿಳಿಚುವಷ್ಟು ಬಿಗಿದಿದ್ದ ಅವಳ ಮುಷ್ಟಿಯನ್ನು ಕಂಡಳು.

"ಕೈ ಮುಚ್ಚೀಯೇನ? ತಗೀ ಹುಡುಗಿ," ಎಂದಳು. "ಕೂಸಿಗೆ ಉಸಿರು ಬ್ಯಾಡೇನು?"