ಪರವೂ ಬಾಯಿಪಾಠ, ವಿರೋಧವೂ ಬಾಯಿಪಾಠ

ದೇವದುರ್ಗದ ಕಾಲೇಜಿನ ಶಿವಗಂಗಾ ಎರಡು ಭಾಷಣ ಬಾಯಿಪಾಠ ಮಾಡಿಕೊಂಡು ಯರಗೇರಾದ ಚರ್ಚಾಸ್ಪರ್ಧೆಗೆ ಬಂದಿದ್ದಳು. ಸರ್ವಾಧಿಕಾರಿಯನ್ನು ಇಳಿಸಲು ಹೊರದೇಶದ ಸೈನ್ಯ ನುಗ್ಗಬಹುದೇ ಎಂಬುದು ವಿಷಯ. ಪರವೋ ವಿರೋಧವೋ ಎಂಬುದು ವೇದಿಕೆಯ ಮೇಲೆ ಚೀಟಿ ಎತ್ತಿದ ಮೇಲೆಯೇ ಗೊತ್ತಾಗುವುದರಿಂದ ಉದಯಕುಮಾರ ಮೇಷ್ಟ್ರು ಎರಡನ್ನೂ ಬರೆದುಕೊಟ್ಟಿದ್ದರು. ಬರೆದದ್ದೆಂದರೆ ಸಾಮಾನ್ಯವೇ! ಒಂದನ್ನು ಓದಿದರೆ ಈಗಲೇ ಯುದ್ಧಕ್ಕೆ ಹೊರಡಬೇಕು ಅನ್ನಿಸುತ್ತಿತ್ತು, ಇನ್ನೊಂದನ್ನು ಓದಿದರೆ ಕಂಡ ಬಂದೂಕನ್ನೆಲ್ಲ ಮುರಿದು ಹಾಕಬೇಕು ಅನ್ನಿಸುತ್ತಿತ್ತು. ಹುಡುಗಿಗೆ ತಲೆ ಕೆಟ್ಟುಹೋಗಿತ್ತು.

ಅದಕ್ಕೇ ಹಿಂದಿನ ದಿನ ಅರಕೇರಾದ ಮನೆಯಲ್ಲಿ ಮುತ್ತಜ್ಜಿ ಅನ್ನಮ್ಮನನ್ನು ಕೇಳಿದ್ದಳು. ನಿಜಾಮನ ಆಳ್ವಿಕೆ ಮುಗಿದ ಆ ಮಳೆಗಾಲದಲ್ಲಿ, ನಿಜಾಮನ ಪರ ಬಂದೂಕು ಹಿಡಿದ ರಜಾಕಾರರಿಗೆ ಹೆದರಿ ತಾನು ಸಜ್ಜೆ ಹೊಲದಲ್ಲಿ ಅಡಗಿದ್ದನ್ನೂ, ಭಾರತದ ದಂಡು ಬಂತೆಂದು ಕೇಳಿ ಕುಣಿದದ್ದನ್ನೂ ಮುದುಕಿ ಹೇಳಿತು. ಆಮೇಲೆ ದನಿ ಇಳಿಸಿ, ಅದೇ ವಾರ ಪಕ್ಕದ ಮನೆಯ ದಾವಲ್ ಬೀ ಆ ದಂಡಿಗೆ ಹೆದರಿ ಕೂಸು ಕಟ್ಟಿಕೊಂಡು ಅದೇ ಹೊಲದಲ್ಲಿ ಅಡಗಿದಳೆಂದೂ ಹೇಳಿತು.

ಚೀಟಿಯಲ್ಲಿ ‘ಪರ’ ಬಂತು. ಮೇಷ್ಟ್ರು ಮೊದಲ ಸಾಲಿನಲ್ಲಿ ಕೂತು ಅವಳ ಜೊತೆಗೇ ತುಟಿ ಆಡಿಸುತ್ತಿದ್ದರು. ಆರು ವರ್ಷದಿಂದ ಕಾಲೇಜಿನ ಕೈತಪ್ಪುತ್ತಿದ್ದ ಪಾರಿತೋಷಕ ಈ ಸಲ ಸಿಗಲೇಬೇಕಿತ್ತು. ಪಕ್ಷ ಬಿಟ್ಟು ಮಾತಾಡಿದರೆ ಸ್ಪರ್ಧೆಯಿಂದಲೇ ಹೊರಗೆ. ಎರಡು ನಿಮಿಷ ಪಟಪಟನೆ ಒಪ್ಪಿಸಿದಳು, ಚಪ್ಪಾಳೆಯೂ ಬಿತ್ತು. ಆಗ ಆ ಹೊಲ ನೆನಪಾಯಿತು ನೋಡಿ, ಬಾಯಿಪಾಠ ನಿಂತೇಹೋಯಿತು. ಮುತ್ತಜ್ಜಿಯ ಕಥೆಯನ್ನೂ ದಾವಲ್ ಬೀಯ ಕಥೆಯನ್ನೂ ಸಭೆಗೆ ಹೇಳಿಬಿಟ್ಟಳು.

“ಸರ್ವಾಧಿಕಾರಿ ತೊಲಗಬೇಕು, ಅದರಾಗ ಎರಡು ಮಾತಿಲ್ಲ. ಆದ್ರ ಹೊರಗಿನ ದಂಡು ಬೇಕೋ ಬ್ಯಾಡೋ ಅಂತ ಮೊದಲು ಕೇಳಬೇಕಾದ್ದು ಹೊಲದಾಗ ಅಡಗಿದವರನ್ನ. ಇಬ್ಬರನ್ನೂ ಕೇಳಬೇಕ್ರಿ.”

ನಿರ್ಣಾಯಕರು ಪರವೋ ವಿರೋಧವೋ ಎಂದು ಗದರಿದರು. ಎರಡೂ ಅಲ್ಲ, ಇದು ನನ್ನದು ಎಂದಳು. ತಗೋ, ಹೆಸರು ಹೊಡೆದು ಹಾಕಿದರು. ಆದರೆ ಅವಳಿಗೆ ಹುಟ್ಟಿದಾಗಿನಿಂದ ಅಷ್ಟು ಖುಷಿ ಆಗಿರಲಿಲ್ಲ.

ಯರಗೇರಾದಿಂದ ರಾಯಚೂರಿಗೆ ಬಂದು ಹತ್ತಿದ ದೇವದುರ್ಗದ ಬಸ್ಸಿನಲ್ಲಿ ಮೇಷ್ಟ್ರು ಮುಖ ಗಂಟು ಹಾಕಿ ಕೂತರು. ಬೈಯಲಿ ಎಂದು ಕಾದಳು. ಬೈಯಲೂ ಇಲ್ಲ. ರಾಯಚೂರು ದಾಟಿದ ಮೇಲೆ ತಾನೇ ಬಾಯಿಬಿಟ್ಟು, ಎರಡೂ ಭಾಷಣ ನೀವೇ ಬರೆದಿರಲ್ಲ, ನಿಮ್ಮ ಅಭಿಪ್ರಾಯ ಯಾವುದು ಎಂದು ಕೇಳಿದಳು.

ಮೇಷ್ಟ್ರು ಎರಡೂ ಭಾಷಣದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ತಿರುವಿದರು.

“ಇಪ್ಪತ್ತು ವರ್ಷದಿಂದ ಬರಿಯಾಕತ್ತೀನಿ,” ಎಂದರು. “ನನ್ನನ್ನ ಯಾರೂ ಕೇಳೇ ಇಲ್ಲ ನೋಡವಾ. ನಾನೂ ಕೇಳಿಕೊಂಡಿಲ್ಲ.”

ಶಿವಗಂಗಾ ಅವರ ಕಡೆ ಪೂರ್ತಿ ತಿರುಗಿ ಕೂತಳು.

“ದೇವದುರ್ಗ ಇನ್ನೂ ದೂರ ಅದ ಸರ್. ಈಗ ಹೇಳ್ರಿ.”